ರಾಣಿಗೆ ಓದಲು ಬರುವುದಿಲ್ಲ

ರಾಣಿ ಕುಳಿತುಬಿಟ್ಟಳು.

ಅದು ಲಾಂಡ್ರಿಯ ಕೆಲಸಗಾರರು ಬಟ್ಟೆ ಬದಲಾಯಿಸುವ ಕೋಣೆ. ಗೋಡೆಗೆ ಒತ್ತಿ ಸಾಲಾಗಿ ಕಬ್ಬಿಣದ ಲಾಕರುಗಳು, ಒಂದೊಂದರ ಮೇಲೂ ಅಂಟಿಸಿದ ಚೀಟಿ. ಕಿಟಕಿ ಪಕ್ಕದ ಲಾಕರಿನ ಚೀಟಿಯಲ್ಲಿ ‘ಇಸ್ತ್ರಿ’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಪೊಲೀಸ್ ನಾಯಿ ರಾಣಿ ಅದರ ಮುಂದೆಯೇ ಎದೆಯುಬ್ಬಿಸಿ ಕುಳಿತಿದ್ದಳು; ಹುಡುಕುವ ವಾಸನೆ ಸಿಕ್ಕಿದರೆ ಹೀಗೆ ಕೂರುವುದು ಅವಳ ತರಬೇತಿ. ಅವಳನ್ನು ‘ಅದು’ ಎಂದವರನ್ನು ಅವಳನ್ನು ಪಳಗಿಸಿದ ನಾಯಿ ಮೇಷ್ಟ್ರು ಇವತ್ತಿನವರೆಗೂ ಕ್ಷಮಿಸಿಲ್ಲ. ಆದ್ದರಿಂದ ನಾವೂ ‘ಅವಳು’ ಎಂದೇ ಕರೆಯೋಣ.

“ಮುಗೀತು ಮೇಡಂ,” ಎಂದರು ಮೇಷ್ಟ್ರು, ಕೈಯಲ್ಲಿದ್ದ ರಾಣಿಯ ಬೆಲ್ಟು ಸಡಿಲಿಸುತ್ತ. “ನನ್ನ ಮಗಳು ಹೇಳಬೇಕಾದ್ದು ಹೇಳಿಬಿಟ್ಟಳು. ಇನ್ನು ನೀವುಂಟು, ಆ ಇಸ್ತ್ರಿಯವನುಂಟು.”

ಬಾಗಿಲಲ್ಲಿ ನಿಂತಿದ್ದ ಲಾಂಡ್ರಿಯ ಯಜಮಾನ ಬಿಕ್ಕಿ ಬಿಕ್ಕಿ ಅತ್ತ. ಆನೆಯಂಥ ಆಳು, ಮಗುವಿನ ಹಾಗೆ ಅಳುತ್ತಿದ್ದ. ನೋಡಿದವರ ಕರುಳು ಚುರ್‍ರೆನ್ನಬೇಕು.

ಅವನ ತಂಗಿ, ಲಾಂಡ್ರಿಯ ಕೌಂಟರಿನಲ್ಲಿ ಕೂರುವವಳು, ನಿನ್ನೆ ಮಧ್ಯಾಹ್ನದಿಂದ ಕಾಣೆಯಾಗಿದ್ದಳು. ಇವತ್ತು ಬೆಳಿಗ್ಗೆ ಅವಳ ಇನ್ಸುಲಿನ್ ಡಬ್ಬಿಯನ್ನು ಕೌಂಟರಿನ ಫ್ರಿಜ್ಜಿನಿಂದ ತೆಗೆಯುತ್ತಿದ್ದಾಗ ಇಸ್ತ್ರಿಯವನು ಯಜಮಾನನ ಕೈಗೇ ಸಿಕ್ಕಿಬಿದ್ದಿದ್ದ. ಆ ಹುಡುಗಿಗೆ ಚಿಕ್ಕಂದಿನಿಂದಲೂ ಸಕ್ಕರೆ ಕಾಯಿಲೆ. ಡಾಕ್ಟರು ಫೋನಿನಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದರು: ಸೂಜಿ ತಪ್ಪಿ ಆಗಲೇ ಒಂದು ದಿನ ಆಗುತ್ತ ಬಂತು, ಸಂಜೆಯೊಳಗೆ ಸಿಗದಿದ್ದರೆ ಆಮೇಲೆ ಸಿಕ್ಕಿಯೂ ಪ್ರಯೋಜನವಿಲ್ಲ.

ಆ ಡಬ್ಬಿ ಈಗ ಇನ್‌ಸ್ಪೆಕ್ಟರ್ ಮೇಡಂ ಹೆಗಲ ಚೀಲದಲ್ಲಿ, ಐಸ್ ತುಂಬಿದ ಫ್ಲಾಸ್ಕಿನ ಜೊತೆಗಿತ್ತು. ಠಾಣೆಯಲ್ಲಿ ಬೆನ್ನ ಹಿಂದೆ ಎಲ್ಲರೂ ಈಕೆಯನ್ನು ‘ಅನುಮಾನಕ್ಕ’ ಎನ್ನುತ್ತಾರೆ. ಹೆತ್ತ ತಾಯಿ ಕಾಫಿ ಕೊಟ್ಟರೂ ಮೂಸಿ ನೋಡಿ ಕುಡಿಯುವವಳು ಎಂದು ತಮಾಷೆ. ಆದರೆ ಇವತ್ತು ಅನುಮಾನಕ್ಕನಿಗೂ ಅನುಮಾನವಿರಲಿಲ್ಲ. ಕಾಯಿಲೆಯವಳ ಔಷಧಿ ಕದಿಯುವವನು ಇನ್ನೆಂಥವನು?

“ತೆಗೀರಿ,” ಎಂದಳು.

ದಫೇದಾರ ಸಲಾಕೆ ಹಾಕಿ ಮೀಟಿದ. ಲಾಕರಿನ ಬಾಗಿಲು ಕಿರ್‍ರೆಂದು ಬಾಯ್ಬಿಟ್ಟಿತು. ಒಳಗೆ ಒಂದು ಜೊತೆ ಚಪ್ಪಲಿ, ಒಂದು ಬಾಚಣಿಗೆ, ಮುದುರಿಟ್ಟ ಬಿಳಿ ಟವಲು. ದಫೇದಾರ ಟವಲನ್ನು ಎರಡೇ ಬೆರಳಲ್ಲಿ ಎತ್ತಿ ಬಿಡಿಸಿದ್ದೇ ತಡ, ಕೋಣೆಯಲ್ಲಿದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು.

“ರಕ್ತ!”

ಟವಲಿನ ನಡುವೆ ಅಂಗೈಯಗಲದ ಕಡುಗೆಂಪು ಕಲೆ. ಅಂಚು ಒಣಗಿ ಕಂದುಬಣ್ಣಕ್ಕೆ ತಿರುಗಿತ್ತು. ಇನ್‌ಸ್ಪೆಕ್ಟರಿಗೆ ಹಸಿ ರಕ್ತದ ವಾಸನೆಯೂ ಮೂಗಿಗೆ ಬಡಿದಂತಾಯಿತು. ಯಜಮಾನ ಗೋಡೆ ಹಿಡಿದುಕೊಂಡು ಕುಸಿದ.

“ಅಯ್ಯೋ, ನನ್ನ ಟವಲ್ ಯಾಕ್ರೀ ಮುಟ್ತೀರಾ?”

ಹಿಂದಿನಿಂದ ಜನರನ್ನು ಮೊಣಕೈಯಲ್ಲಿ ಸರಿಸಿಕೊಂಡು ಬಂದವಳು ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಿಸುವ ಹೆಂಗಸು. ವಯಸ್ಸಿನ ಕಾರಣ ಎಲ್ಲರಿಗೂ ಅವಳು ಚಿಕ್ಕಮ್ಮ.

“ನಿಮ್ಮದಾ?” ಎಂದಳು ಇನ್‌ಸ್ಪೆಕ್ಟರ್.

“ನಂದೇ. ಈ ಲಾಕರೂ ನಂದೇ. ಕಿಟಕಿ ಪಕ್ಕ ಬಿಸಿಲು ಬೀಳತ್ತೆ, ಟವಲ್ ಒಣಗತ್ತೆ ಅಂತ ಇಸ್ತ್ರಿಯವನೇ ಬಿಟ್ಟುಕೊಟ್ಟ. ಪುಣ್ಯಾತ್ಮ. ಅವನು ಆ ತುದೀಲಿರೋ ನನ್ನ ಲಾಕರಿಗೆ ಹೋದ. ಚೀಟಿ ಕಿತ್ತು ಅಂಟಿಸೋಕೆ ಯಾರಿಗೆ ಪುರುಸೊತ್ತು?”

“ಮತ್ತೆ ಈ ರಕ್ತ?”

ಚಿಕ್ಕಮ್ಮ ಟವಲನ್ನು ಕಿತ್ತುಕೊಂಡು ನೋಡಿದಳು. ಆಮೇಲೆ ಇನ್‌ಸ್ಪೆಕ್ಟರನ್ನು ನೋಡಿದಳು. “ಜಾಮು ಕಣಮ್ಮ. ಬ್ರೆಡ್ಡಿಗೆ ಹಚ್ಚೋ ಜಾಮು. ಬೇಕಾದ್ರೆ ನೆಕ್ಕಿ ತೋರಿಸ್ಲಾ?”

ಹಿಂದೆ ಯಾರೋ ಕಿಸಕ್ಕೆಂದರು. ಇನ್‌ಸ್ಪೆಕ್ಟರ್ ಬಾಗಿ ಮೂಸಿದಳು. ಸಿಹಿ ವಾಸನೆ. ಒಂದು ಕ್ಷಣದ ಹಿಂದೆ ಇದೇ ಮೂಗಿಗೆ ಇದೇ ಕಲೆಯಿಂದ ರಕ್ತದ ವಾಸನೆ ಬಂದಿತ್ತಲ್ಲ! ಮುಖಕ್ಕೆ ಬಿಸಿ ಹತ್ತಿತು. ಯಾರಿಗೂ ಕಾಣದಿರಲಿ ಎಂದು ಲಾಕರುಗಳ ಕಡೆ ತಿರುಗಿಕೊಂಡಳು.

ಸಾಲಿನ ಆ ತುದಿಯಲ್ಲಿ ‘ಮಡಿಕೆ’ ಎಂಬ ಚೀಟಿಯ ಲಾಕರಿತ್ತು. ಇಸ್ತ್ರಿಯವನು ನಿಜವಾಗಿ ಬಳಸುತ್ತಿದ್ದದ್ದು ಅದು. ರಾಣಿ ಅದರ ಮುಂದೆ ಮೂಗು ಕೂಡ ತಿರುಗಿಸದೆ ಹೋಗಿದ್ದಳು.

“ಹಳೇ ವಾಸನೆ ಉಳಿದಿರತ್ತೆ ಮೇಡಂ,” ಎಂದರು ಮೇಷ್ಟ್ರು. “ಅವನು ಮುಂಚೆ ಇಟ್ಟಿದ್ದು ಇಲ್ಲೇ ಅಲ್ವಾ?”

“ನೀವು ರಾಣಿಗೆ ಮೂಸಿಸಿದ್ದು ಹುಡುಗಿಯ ಸ್ಕಾರ್ಫು, ಮೇಷ್ಟ್ರೇ. ಅವನ ವಾಸನೆ ಅಲ್ಲ.”

“ಹುಡುಗಿ ಇಲ್ಲಿಗೆ ಬಂದಿರಬಹುದು.”

“ಬಂದಿರಬಹುದು.” ಇನ್‌ಸ್ಪೆಕ್ಟರ್ ಚೀಟಿಯ ಮೇಲೆ ಬೆರಳಿಟ್ಟಳು. “ಆದರೆ ರಾಣಿ ಸರಿಯಾಗಿ ಈ ಚೀಟಿ ಇರೋ ಕಡೆನೇ ಬಂದು ಕೂತಳು. ರಾಣಿಗೆ ಓದೋಕೆ ಬರಲ್ಲ. ಇಲ್ಲಿ ಓದೋಕೆ ಬರೋರು ಯಾರು?”

ಮೇಷ್ಟ್ರು ಬೆಲ್ಟನ್ನು ಕೈಗೆ ಸುತ್ತಿಕೊಂಡರು. ಪೊಲೀಸ್ ತರಬೇತಿ ಶಾಲೆಯಲ್ಲಿ ಈ ಇನ್‌ಸ್ಪೆಕ್ಟರಿಗೆ ಹೆಜ್ಜೆ ಗುರುತು ನೋಡುವುದನ್ನು ಕಲಿಸಿದವರೇ ಅವರು. ಆಮೇಲೆ ಶಿಷ್ಯೆ ಮೇಲಧಿಕಾರಿಯಾಗಿ ಬಂದಾಗ ಎಲ್ಲರೆದುರು ಮೊದಲು ಸೆಲ್ಯೂಟ್ ಹೊಡೆದವರೂ ಅವರೇ.

*

ಇಸ್ತ್ರಿಯವನನ್ನು ಕೊಳೆ ಬಟ್ಟೆ ವಿಂಗಡಿಸುವ ಕೋಣೆಯಲ್ಲಿ ಕೂರಿಸಿದ್ದರು. ಬಡಕಲು ಮೈ, ಬೆರಳ ತುದಿಗಳಲ್ಲಿ ಸುಟ್ಟು ಒರಟಾದ ಚರ್ಮ. ಬೆಳಗಿನಿಂದ ತುಟಿಪಿಟಕ್ಕೆಂದಿರಲಿಲ್ಲ.

“ಹುಡುಗಿ ಎಲ್ಲಿ?”

“ಗೊತ್ತಿಲ್ಲ.”

“ಡಬ್ಬಿ ಯಾಕೆ ಕದ್ದೆ?”

ಅವನ ಕಣ್ಣು ಬಾಗಿಲ ಕಡೆ ಹೋಯಿತು, ನೆಲಕ್ಕಿಳಿಯಿತು, ಮತ್ತೆ ಬಾಗಿಲ ಕಡೆಗೇ ಹೋಯಿತು. ಬೆಳಿಗ್ಗೆಯೂ ಹೀಗೇ ಮಾಡಿದ್ದ. ಓಡಿಹೋಗಲು ದಾರಿ ಹುಡುಕುತ್ತಿದ್ದಾನೆ ಎಂದು ಆಗ ಇನ್‌ಸ್ಪೆಕ್ಟರ್ ಕೈಕೋಳ ಹಾಕಿಸಿದ್ದಳು.

“ಮೇಡಂ,” ಎಂದ ಅವನು ಇದ್ದಕ್ಕಿದ್ದಂತೆ. “ಆ ಇಂಜೆಕ್ಷನ್ ಈಗ ಯಾರ ಹತ್ರ ಇದೆ?”

“ಯಾಕೆ?”

“ನಿಮ್ಮ ಹತ್ರಾನೇ ಇದೆಯಾ?”

“ಇದೆ. ಯಾಕೆ ಕೇಳ್ತೀಯ?”

ಅವನು ಉಸಿರು ಬಿಟ್ಟ. “ನಿಮ್ಮ ಹತ್ರಾನೇ ಇರಲಿ,” ಎಂದ, ಅಷ್ಟೇ.

“ನಾಟಕ ನೋಡಿ ಮೇಡಂ!” ಹೊಸ್ತಿಲಲ್ಲಿ ನಿಂತಿದ್ದ ಯಜಮಾನ ಹಲ್ಲು ಕಚ್ಚಿದ. “ನಾಲ್ಕು ಬಿಗೀರಿ, ತಾನಾಗಿ ಬಾಯಿಬಿಡ್ತಾನೆ. ನನ್ನ ತಂಗಿ ಅಲ್ಲಿ ಸಾಯ್ತಿದ್ದಾಳೆ!”

ದಫೇದಾರ ಅಂಗಿಯ ತೋಳು ಮಡಚಿ ಸಿದ್ಧನಾದ. ಇನ್‌ಸ್ಪೆಕ್ಟರ್ ಅವನನ್ನು ತಡೆದಳು. ಬೆಳಿಗ್ಗೆಯಾಗಿದ್ದರೆ ತಡೆಯುತ್ತಿರಲಿಲ್ಲವೋ ಏನೋ. ಜಾಮನ್ನು ರಕ್ತ ಎಂದುಕೊಂಡ ಮೂಗಿನ ಮೇಲೆ ಈಗ ಅವಳಿಗೇ ನಂಬಿಕೆಯಿರಲಿಲ್ಲ. ಕಿಟಕಿಯಿಂದ ಬೀಳುತ್ತಿದ್ದ ಬಿಸಿಲು ಆಗಲೇ ಓರೆಯಾಗಿತ್ತು.

*

ಹಿಂದಿನ ಅಂಗಳದಲ್ಲಿ ಒದ್ದೆ ಬಟ್ಟೆ ಸಾಗಿಸುವ ದೊಡ್ಡ ಗಾಲಿಬುಟ್ಟಿಗಳನ್ನು ಸಾಲಾಗಿ ನಿಲ್ಲಿಸಿ, ಪ್ರತಿಯೊಂದಕ್ಕೂ ಬಿಳಿ ಚಾದರ ಹೊದಿಸಿದ್ದರು.

“ಇಲ್ಲಿ ಎಲ್ಲಿ ನೋಡಿದ್ರೂ ಸೋಪಿನ ಘಾಟು, ಮೇಷ್ಟ್ರೇ,” ಎಂದಳು ಇನ್‌ಸ್ಪೆಕ್ಟರ್. “ರಾಣಿ ಮೂಗು ಕಟ್ಟಿದೆಯೋ ಏನೋ ನೋಡಿಬಿಡೋಣ. ಒಂದು ಬುಟ್ಟೀಲಿ ಹುಡುಗಿಯ ಸ್ಕಾರ್ಫ್ ಇಟ್ಟಿದ್ದೀನಿ. ಕೆಂಪು ದಾರ ಕಟ್ಟಿರೋದು. ಅವಳು ಅಲ್ಲಿಗೆ ಹೋದ್ರೆ ಮೂಗು ಸರಿಯಿದೆ ಅಂತ ಅರ್ಥ.”

“ನನ್ನ ಮಗಳ ಮೂಗಿನ ಮೇಲೆ ಅನುಮಾನವಾ?” ಮೇಷ್ಟ್ರು ನಗಲು ನೋಡಿದರು. “ಬಾ ರಾಣಿ. ತೋರಿಸಮ್ಮ ಇವರಿಗೆ.”

ರಾಣಿ ಮೊದಲ ಬುಟ್ಟಿ ಮೂಸಿದಳು. ಎರಡನೆಯದನ್ನೂ ಮೂಸಿದಳು. ಮೇಷ್ಟ್ರು ಹಿಂದೆಯೇ ಸರಸರ ನಡೆದರು. ಕೆಂಪು ದಾರದ ಬುಟ್ಟಿ ಬಂತು. ಅಲ್ಲಿ ಅವರ ಹೆಜ್ಜೆ ಕೂದಲೆಳೆಯಷ್ಟು ನಿಧಾನವಾಯಿತು. ಬೆಲ್ಟು ಹಿಡಿದ ಕೈ ತುಸು ಕೆಳಗಿಳಿಯಿತು. ರಾಣಿ ಮುಂದೆ ಹೋಗುತ್ತಿದ್ದವಳು ತಲೆಯೆತ್ತಿ ಅವರ ಮುಖವನ್ನೇ ನೋಡಿದಳು. ಬಾಲ ಒಂದು ಸಲ ಅಲುಗಿತು.

ಕುಳಿತಳು.

“ನೋಡಿದಿರಾ!” ಎಂದರು ಮೇಷ್ಟ್ರು. “ಮೂಸಿದ ತಕ್ಷಣ ಬಾಲ ಹೇಗೆ ಸೆಟೆದುಕೊಂಡಿತು ನೋಡಿದಿರಾ?”

“ಬಾಲ ಸೆಟೆದುಕೊಳ್ಳಲಿಲ್ಲ, ಮೇಷ್ಟ್ರೇ.”

“ನಾನು ಕಣ್ಣಾರೆ ಕಂಡೆ!”

ಇನ್‌ಸ್ಪೆಕ್ಟರ್ ಚಾದರ ಎಳೆದಳು. ಬುಟ್ಟಿ ಖಾಲಿ. ಪಕ್ಕದ ಬುಟ್ಟಿಯ ಚಾದರ ಎಳೆದಳು, ಅದರ ಪಕ್ಕದ್ದನ್ನೂ ಎಳೆದಳು. ಎಲ್ಲವೂ ಖಾಲಿ. ದಫೇದಾರ ಅಂಗಳದ ಆಚೆಯಿಂದ, ಜೀಪಿನೊಳಗೆ ಮೊಹರು ಹಾಕಿಟ್ಟಿದ್ದ ಚೀಲವನ್ನು ತಂದು ತೋರಿಸಿದ. ಸ್ಕಾರ್ಫ್ ಅದರೊಳಗೇ ಇತ್ತು.

ಮೇಷ್ಟ್ರ ಮುಖದಲ್ಲಿ ರಕ್ತ ಇಂಗಿಹೋಯಿತು. ಆಮೇಲೆ ಅಷ್ಟೂ ಒಟ್ಟಿಗೆ ನುಗ್ಗಿ ಬಂತು.

“ನನಗೇ ಬಲೆ ಹಾಕಿದೆಯಾ?” ಮೇಡಂ, ಗೀಡಂ ಎಲ್ಲ ಹಾರಿಹೋಗಿತ್ತು. “ಎಲ್ಲರೆದುರಿಗೆ? ಈ ವಯಸ್ಸಿನಲ್ಲಿ ನನ್ನನ್ನ ಕಳ್ಳ ಅಂತಿದ್ದೀಯೇನಮ್ಮ?”

“ಕಳ್ಳ ಅಂತ ಅಂದಿಲ್ಲ.”

“ಮತ್ತೇನು? ನಾನು ಸುಳ್ಳು ಹೇಳ್ತೀನಾ?”

“ಇಲ್ಲ. ನೀವು ನಿಜವಾಗಿಯೂ ಕಂಡಿರಿ. ನಾನು ಜಾಮನ್ನ ರಕ್ತ ಅಂತ ಕಂಡ ಹಾಗೆ.” ಗುರುವಿನ ಮುಖಕ್ಕೆ ಹೊಡೆದಂಥ ಮಾತು, ಆಡುವವಳಿಗೂ ಸುಲಭವಿರಲಿಲ್ಲ. “ಬೆಳಿಗ್ಗೆ ಗೇಟಿನಲ್ಲಿ ನೀವು ಜೀಪಿನಿಂದ ಇಳಿಯೋ ಮುಂಚೆನೇ ಇಸ್ತ್ರಿಯವನ ಮೇಲೆ ಅನುಮಾನ ಅಂತ ನಿಮ್ಮ ಕಿವಿಗೆ ಹಾಕಿದವಳು ನಾನು. ಯಾವಾಗಲೂ ನಾವು ಹಾಗೇ ಮಾಡೋದು. ನಾಯಿ ಬರೋದಕ್ಕೆ ಮುಂಚೆ ಅಪರಾಧಿ ಯಾರು ಅಂತ ನಿಮಗೆ ಹೇಳಿಬಿಡ್ತೀವಿ. ಆಮೇಲೆ ನಿಮ್ಮ ಕೈ ನಿಧಾನ ಆಗತ್ತೆ, ಅದು ನಿಮಗೇ ಗೊತ್ತಾಗಲ್ಲ. ರಾಣಿಗೆ ಗೊತ್ತಾಗತ್ತೆ. ಅವಳು ನಿಮ್ಮನ್ನ ಸಂತೋಷಪಡಿಸೋಕೆ ಕೂತ್ಕೊಳ್ತಾಳೆ.”

ಮೇಷ್ಟ್ರು ರಾಣಿಯತ್ತ ನೋಡಿದರು. ಅವಳು ಇನ್ನೂ ಖಾಲಿ ಬುಟ್ಟಿಯ ಮುಂದೆ ಕುಳಿತಿದ್ದಳು. ಬಿಸ್ಕತ್ತು ಕೊಡುತ್ತಾರೆಂದು ಕಾಯುತ್ತಿದ್ದಳು.

“ಹಾಗಾದ್ರೆ…” ಎಂದರು ಮೇಷ್ಟ್ರು. “ಇಷ್ಟು ವರ್ಷ ನಾವಿಬ್ಬರೂ ತೋರಿಸಿಕೊಟ್ಟೋರೆಲ್ಲ…”

ಸಮಾಧಾನದ ಮಾತಿಗೆ ಇದು ಹೊತ್ತಾಗಿರಲಿಲ್ಲ.

“ಅದರ ಲೆಕ್ಕ ಆಮೇಲೆ, ಮೇಷ್ಟ್ರೇ. ಹುಡುಗಿ ಇನ್ನೂ ಬದುಕಿರಬಹುದು. ಬೆಳಿಗ್ಗೆ ಗೇಟಿನಿಂದ ಆ ಕೋಣೆಗೆ ಹೋಗೋವಾಗ ಏನಾಯ್ತು, ನೆನಪು ಮಾಡ್ಕೊಳ್ಳಿ. ರಾಣಿ ಬೇರೆಲ್ಲಾದರೂ ಎಳೆದಳಾ?”

ಅವರು ಕಣ್ಣು ಮುಚ್ಚಿದರು. ಬೆಲ್ಟು ಹಿಡಿದ ಮುಷ್ಟಿ ತಾನಾಗಿ ಒಂದು ಪಕ್ಕಕ್ಕೆ ಹೊರಳಿತು, ಕೈಗೆ ನೆನಪಿದ್ದದ್ದು ತಲೆಗೆ ಆಮೇಲೆ ಬಂತು.

“ಎಳೆದಳು. ಒಣಗಿಸೋ ಯಂತ್ರಗಳ ಹಿಂದಿನ ಓಣಿ ಕಡೆ. ಜೋರಾಗಿ ಎಳೆದಳು.” ಕಣ್ಣು ತೆರೆದಾಗ ಅದರಲ್ಲಿ ನೀರಿತ್ತು. “ಬೆಕ್ಕು ಗಿಕ್ಕು ಇರಬೇಕು ಅಂತ ಗದರಿಸಿ ಈಕಡೆ ಎಳ್ಕೊಂಡೆ. ನನ್ನ ತಲೇಲಿ ಇಸ್ತ್ರಿಯವನೇ ತುಂಬಿದ್ದ.”

“ಬೆಲ್ಟು ಬಿಚ್ಚಿ. ನೀವು ಇಲ್ಲೇ, ಗೋಡೆಗೆ ಮುಖ ಮಾಡಿ ನಿಲ್ಲಿ.”

ಅವರು ತಮ್ಮ ಕೈಯಿಂದಲೇ ಬಿಚ್ಚಿದರು. ಸ್ಕಾರ್ಫನ್ನು ರಾಣಿಯ ಮೂಗಿಗೆ ಹಿಡಿದು, ಗೋಡೆಗೆ ಹಣೆಯೊತ್ತಿ ನಿಂತರು.

“ಮಗಳೇ,” ಎಂದರು ಮುಖ ತಿರುಗಿಸದೆ. ಈ ಸಲ ಕರೆದದ್ದು ನಾಯಿಯನ್ನಲ್ಲ. “ಇಸ್ತ್ರಿಯವನ ವಿಷಯ ನನ್ನ ಕಿವಿಗೆ ಹಾಕಿದ್ದು ನೀನು. ನಿನ್ನ ಕಿವಿಗೆ ಹಾಕಿದ್ದು ಯಾರು?”

ಇನ್‌ಸ್ಪೆಕ್ಟರ್ ಬಾಯಿ ತೆರೆದಳು. ಉತ್ತರ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಅಷ್ಟರಲ್ಲಿ ರಾಣಿ ಬಿಲ್ಲಿನಿಂದ ಬಿಟ್ಟ ಬಾಣದಂತೆ ಓಣಿಗೆ ನುಗ್ಗಿದ್ದಳು.

*

ಓಣಿಯ ಕೊನೆಯಲ್ಲೊಂದು ಕಬ್ಬಿಣದ ಬಾಗಿಲು. ರಾಣಿ ಕುಳಿತುಕೊಳ್ಳಲಿಲ್ಲ. ಬಾಗಿಲ ಬುಡವನ್ನು ಎರಡೂ ಮುಂಗಾಲಿಂದ ಕೆರೆಯುತ್ತ ಕುಂಯ್‌ಗುಟ್ಟುತ್ತಿದ್ದಳು.

ಈ ಬಾಗಿಲನ್ನು ಇನ್‌ಸ್ಪೆಕ್ಟರ್ ಬೆಳಿಗ್ಗೆಯೇ ನೋಡಿದ್ದಳು. ಬಾಗಿಲು, ಚಿಲಕ, ಬೀಗ ಎಲ್ಲದರ ಮೇಲೂ ಬೂದುಬಣ್ಣದ ಧೂಳು ಗಟ್ಟಿಯಾಗಿ ಕುಳಿತಿತ್ತು. ಇದನ್ನು ಯಾರೂ ಮುಟ್ಟಿ ಯಾವ ಕಾಲವಾಯಿತೋ ಎಂದುಕೊಂಡು ಮುಂದೆ ಹೋಗಿದ್ದಳು.

“ಅದು ಹಳೇ ಬಾಯ್ಲರ್ ರೂಮು ಮೇಡಂ,” ಎನ್ನುತ್ತ ಯಜಮಾನ ಏದುಸಿರು ಬಿಡುತ್ತ ಬಂದ. ಹಿಂದೆಯೇ ದಫೇದಾರ. “ನಾನೇ ಬೀಗ ಹಾಕಿ ಎಷ್ಟೋ ವರ್ಷ ಆಯ್ತು. ಬೀಗದ ಕೈಯೂ ಕಳೆದುಹೋಗಿದೆ. ಧೂಳು ನೋಡಿ, ನಿಮಗೇ ಗೊತ್ತಾಗತ್ತೆ.”

ಈ ಬಾರಿ ಅವಳು ಧೂಳನ್ನು ನಿಜವಾಗಿಯೂ ನೋಡಿದಳು. ಬೆರಳಿಂದ ಎಳೆದಳು. ಮಣ್ಣಿನ ಧೂಳಲ್ಲ, ಮೆತ್ತಗೆ ಹತ್ತಿಯ ಹಾಗೆ ಸುರುಳಿಯಾಗಿ ಬಂತು. ತಲೆಯೆತ್ತಿದಳು. ಬಾಗಿಲ ನೆತ್ತಿಯ ಮೇಲೆಯೇ ಒಣಗಿಸುವ ಯಂತ್ರಗಳ ಬಿಸಿಗಾಳಿ ಕೊಳವೆ ಬಾಯ್ತೆರೆದಿತ್ತು. ಟವಲು, ಚಾದರಗಳಿಂದ ಎದ್ದ ನೂಲಿನ ನವಿರು ಧೂಳು ಅದರಿಂದ ಸಣ್ಣಗೆ ಉದುರುತ್ತಲೇ ಇತ್ತು. ಇಲ್ಲಿ ಧೂಳು ಕೂರಲು ವರ್ಷ ಬೇಕಿರಲಿಲ್ಲ, ಒಂದು ಹೊತ್ತಿನ ಕೆಲಸ ಸಾಕಿತ್ತು.

ಕರವಸ್ತ್ರದಿಂದ ಬೀಗ ಒರೆಸಿದಳು. ಅಂಗಡಿಯಿಂದ ಆಗಷ್ಟೇ ತಂದಂತೆ ಫಳಫಳ ಹೊಳೆಯಿತು.

ಯಜಮಾನ ಬಾಗಿ ನೋಡಿದ. “ಇದು…” ಎಂದ. “ಈ ಬೀಗ ನನ್ನದಲ್ಲ.”

ನಿನ್ನೆಯಿಂದ ಅವನೂ ಲಾಂಡ್ರಿಯ ಮೂಲೆಮೂಲೆ ತಡಕಿದ್ದ. ಅವನೂ ಈ ಬಾಗಿಲ ಮುಂದೆ ಹಾದುಹೋಗಿದ್ದ, ತನ್ನದೇ ಬೀಗ ಎಂದುಕೊಂಡು. ಇನ್‌ಸ್ಪೆಕ್ಟರ್ ಅವನ ಮುಖವನ್ನು ಪಕ್ಕದಿಂದ ನೋಡಿದಳು. ತಂಗಿ ಒಳಗಿರಬಹುದು ಎಂಬ ಆಸೆ ಅಲ್ಲಿ ಎಳ್ಳಷ್ಟೂ ಕಾಣಲಿಲ್ಲ. ಮೋಸಹೋದವನ ಸಿಟ್ಟು ಕಂಡಿತು. ಅಥವಾ ಇದೂ ತನ್ನ ಕಣ್ಣಿನ ಆಟವೋ? ಜಾಮಿನ ಹಾಗೆ?

“ಒಡೀರಿ,” ಎಂದಳು.

ದಫೇದಾರನ ಸಲಾಕೆಗೆ ಬೀಗ ಮುರಿದು ಬಿತ್ತು. ಬಾಗಿಲು ಮಾತ್ರ ಜಗ್ಗಲಿಲ್ಲ. ಒಳಗಿನಿಂದಲೂ ಚಿಲಕ ಹಾಕಿತ್ತು.

ಇನ್‌ಸ್ಪೆಕ್ಟರ್ ಕಿವಿಯಿಟ್ಟು ಬಾಗಿಲು ತಟ್ಟಿದಳು. “ಒಳಗೆ ಯಾರಮ್ಮ? ನಾನು ಪೊಲೀಸು. ನಿನ್ನ ಇಂಜೆಕ್ಷನ್ ತಂದಿದ್ದೀನಿ. ಬಾಗಿಲು ತೆಗಿ.”

ಆಮೇಲೆ ನೆಲದ ಹತ್ತಿರದಿಂದ ಒಂದು ದನಿ, ಒಣಗಿ ಸೀಳಿದ ದನಿ.

“ಇಸ್ತ್ರಿ ಅಣ್ಣ ಕಳಿಸಿದ್ರಾ?”

ಹಾಗಾದರೆ ಇಸ್ತ್ರಿಯವನು ಡಬ್ಬಿ ಕದ್ದಿರಲಿಲ್ಲ, ಇಲ್ಲಿಗೆ ತರುತ್ತಿದ್ದ. ಹೊರಗಿನ ಹೊಸ ಬೀಗ ಅವನೇ ಹಾಕಿದ್ದು, ಒಳಗೆ ಯಾರೂ ಇಲ್ಲವೆಂದು ಕಾಣಲಿ ಎಂದು. ಮತ್ತೆ ಮತ್ತೆ ಬಾಗಿಲ ಕಡೆ ನೋಡುತ್ತಿದ್ದ ಆ ಕಣ್ಣು! ಅದು ಓಡಿಹೋಗುವ ದಾರಿ ಹುಡುಕುತ್ತಿರಲಿಲ್ಲ. ಬಾಗಿಲಲ್ಲಿ ಯಾರು ನಿಂತಿದ್ದಾರೆಂದು ನೋಡುತ್ತಿತ್ತು. ಅವನು ಬಾಯಿಬಿಡಬೇಕೆಂದಾಗಲೆಲ್ಲ ಈ ಯಜಮಾನ ಅಲ್ಲೇ ನಿಂತಿದ್ದ.

“ಹೌದಮ್ಮ,” ಎಂದಳು ಮೆಲ್ಲಗೆ. “ಅವರೇ. ತೆಗಿ.”

ಒಳಗೆ ಯಾರೋ ಗೋಡೆ ಹಿಡಿದು ಎದ್ದರು. ತುಕ್ಕು ಹಿಡಿದ ಚಿಲಕ ಕಿರುಗುಟ್ಟುತ್ತ ಇಷ್ಟಿಷ್ಟೇ ಸರಿಯತೊಡಗಿತು. ಇನ್ನೊಂದು ಅಂಗುಲ ಸರಿದರೆ ಸಾಕಿತ್ತು.

“ಪುಟ್ಟೀ!” ಇನ್‌ಸ್ಪೆಕ್ಟರಿನ ಹೆಗಲ ಮೇಲಿನಿಂದ ಯಜಮಾನ ಕೂಗಿದ. ಜೇನಿನಂಥ ದನಿ. “ನಾನಮ್ಮಾ, ನಿನ್ನಣ್ಣ. ಹೆದರಬೇಡ, ನಾನು ಬಂದಿದ್ದೀನಿ.”

ಚಿಲಕ ನಿಂತಿತು.

ಮರುಗಳಿಗೆಯಲ್ಲಿ, ಅಷ್ಟು ನಿತ್ರಾಣವಾದ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ, ಚಿಲಕ ದಡಾರನೆ ಮತ್ತೆ ಪೂರ್ತಿ ಬಿಗಿದುಕೊಂಡಿತು.

“ಅವನನ್ನ ಕರ್ಕೊಂಡು ಬಂದ್ರಾ?” ಒಳಗಿನ ದನಿ ಚೀರಿತು. “ಅಯ್ಯೋ, ಅವನನ್ನೇ ಕರ್ಕೊಂಡು ಬಂದ್ರಾ?”

ಆಮೇಲೆ ಏನೋ ಧೊಪ್ಪನೆ ನೆಲಕ್ಕೆ ಕುಸಿದ ಸದ್ದು ಕೇಳಿತು. ಮತ್ತೆ ಎಷ್ಟು ಕೂಗಿದರೂ ಉತ್ತರವಿಲ್ಲ. ರಾಣಿ ಬಾಗಿಲ ಸಂದಿಗೆ ಮೂಗು ತುರುಕಿ ಊಳಿಟ್ಟಳು. ದಫೇದಾರ ಸಲಾಕೆಯನ್ನು ಸಂದಿಗೆ ಕೊಟ್ಟು ಮೈಭಾರವೆಲ್ಲ ಬಿಟ್ಟು ಮೀಟತೊಡಗಿದ. ಬಿಸಿಲು ಓಣಿಯ ಗೋಡೆಯಿಂದ ಇಳಿದುಹೋಗಿತ್ತು.

“ಪಾಪ, ಮೈಯಲ್ಲಿ ಸಕ್ಕರೆ ಏರಿ ಬಡಬಡಿಸ್ತಿದ್ದಾಳೆ ಮೇಡಂ,” ಎಂದ ಯಜಮಾನ, ಕಣ್ಣೊರೆಸಿಕೊಳ್ಳುತ್ತ. “ದಿನಾ ಅವಳಿಗೆ ಚುಚ್ಚೋನು ನಾನೇ. ಎಷ್ಟು ಹಾಕಬೇಕು ಅಂತ ನನಗೊಬ್ಬನಿಗೇ ಗೊತ್ತಿರೋದು.”

ಬಾಗಿಲು ಮುರಿಯುವ ಸದ್ದಿನ ನಡುವೆ ಅವನು ಇನ್‌ಸ್ಪೆಕ್ಟರಿನ ಹೆಗಲ ಚೀಲದತ್ತ, ‘ನಿಮ್ಮ ಹತ್ರಾನೇ ಇರಲಿ’ ಎಂದು ಇಸ್ತ್ರಿಯವನು ಹೇಳಿದ್ದ ಆ ಮದ್ದಿನತ್ತ, ಕೈ ಚಾಚಿದ.

“ಆ ಡಬ್ಬಿ ಇಲ್ಲಿ ಕೊಡಿ.”